‘ಭೂಮಿ ನಿಂತ್ರ ಏನಾಗ್ತದ್ರಿ ಸರ್?’

ಬೋಧನಾಭ್ಯಾಸಕ್ಕೆಂದು ಖಟಕ ಚಿಂಚೋಳಿಯ ಒಂದು ಶಾಲೆಗೆ ಹೋಗಿದ್ದಾಗ ಎಂಟನೇ ತರಗತಿಗೆ ಭೂಮಿಯ ಚಲನೆಗಳ ಪಾಠ ಮಾಡಿದೆ. ಮೌಲ್ಯಮಾಪನಕ್ಕೆ ಐದು ನಿಮಿಷ ಉಳಿದಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಭೂಮಿ ತಿರಗೋದು ನಿಂತ್ರ ಏನಾಗ್ತದ್ರಿ ಸರ್?’ ಎಂದಳು. ಮೊಬೈಲಿನಲ್ಲಿ ಏನೋ ನೋಡಿ ಹೆದರಿದ್ದಳು. ‘ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ರಾತ್ರಿ’ ಎಂದು ಹೇಳಿ ಕೂರಿಸಿದೆ. ಪಾಠ ಸಮಯಕ್ಕೆ ಮುಗಿಯಿತು, ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಷರಾವೂ ಬಂತು. ಆದರೆ ನನ್ನ ಉತ್ತರ ತಪ್ಪಾಗಿತ್ತು.

ಇಂಥ ಪ್ರಶ್ನೆಯನ್ನು ‘ಪಾಠದಲ್ಲಿಲ್ಲ’ ಎಂದು ತಳ್ಳುವುದು, ಇಲ್ಲವೇ ನನ್ನಂತೆ ಬಾಯಿಗೆ ಬಂದದ್ದನ್ನು ಹೇಳುವುದು ಎರಡೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪಾಠ ನಮಗೇ ಎಷ್ಟು ಅರ್ಥವಾಗಿದೆ ಎಂಬುದು ಈ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ.

ಮೊದಲು ಲೆಕ್ಕ ಮಾಡಿಸೋಣ. ಸಮಭಾಜಕದ ಸುತ್ತಳತೆ ಸುಮಾರು 40,075 ಕಿ.ಮೀ. ಅದನ್ನು 24ರಿಂದ ಭಾಗಿಸಿದರೆ ಗಂಟೆಗೆ 1,670 ಕಿ.ಮೀ. ವೇಗ ಬರುತ್ತದೆ. ನಮ್ಮ ಭಾಲ್ಕಿ ಭಾಗ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ; ಇಲ್ಲಿ ವೇಗ ಸುಮಾರು 1,590 ಕಿ.ಮೀ. ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಾಗೆಯೇ ಭೂಮಿ ಒಮ್ಮೆಲೇ ನಿಂತರೆ ಮನುಷ್ಯರು, ಗಾಳಿ, ಸಮುದ್ರದ ನೀರು ಎಲ್ಲವೂ ಇದೇ ವೇಗದಲ್ಲಿ ಪೂರ್ವಕ್ಕೆ ನುಗ್ಗುತ್ತವೆ. ಆದರೆ ಆಕಾಶಕ್ಕೆ ಹಾರಿಹೋಗುವುದಿಲ್ಲ. ಭೂಮಿಯನ್ನು ಬಿಟ್ಟುಹೋಗಲು ಗಂಟೆಗೆ ಸುಮಾರು 40,000 ಕಿ.ಮೀ. ವೇಗ ಬೇಕು. ಗುರುತ್ವವೂ ಅಳಿಯುವುದಿಲ್ಲ. ಅದು ಬರುವುದು ಭೂಮಿಯ ದ್ರವ್ಯರಾಶಿಯಿಂದ, ತಿರುಗುವಿಕೆಯಿಂದಲ್ಲ.

ಮೆಲ್ಲಗೆ ನಿಂತರೆ? ಭೂಮಿ ಸೂರ್ಯನನ್ನು ಸುತ್ತುವುದು ಮುಂದುವರಿಯುತ್ತದೆ. ಆದ್ದರಿಂದ ನಮಗೆ ಸುಮಾರು ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ. ನಾನು ತಪ್ಪಿದ್ದು ಇಲ್ಲಿಯೇ. ಇದನ್ನು ತೋರಿಸಲು ಒಂದು ದೀಪ ಸಾಕು. ಮುಖವನ್ನು ಸದಾ ಕಪ್ಪುಹಲಗೆಯ ದಿಕ್ಕಿಗೇ ಇಟ್ಟುಕೊಂಡು ದೀಪವನ್ನು ಸುತ್ತಲು ಒಂದು ಮಗುವಿಗೆ ಹೇಳಿ. ಅರ್ಧ ಸುತ್ತು ಮುಖಕ್ಕೆ ಬೆಳಕು, ಇನ್ನರ್ಧ ಬೆನ್ನಿಗೆ.

ನಮ್ಮ ಹೊಲಕ್ಕೆ ಇದರಿಂದೇನು ಎಂದೂ ಕೇಳಬಹುದು. ನಮ್ಮ ನಾಟಿ ತೊಗರಿ ಹೂ ಬಿಡುವುದು ಹಗಲು ಕಿರಿದಾಗಿ ರಾತ್ರಿ ಹಿರಿದಾದಾಗ. ದಿನವೂ ಹಗಲು-ರಾತ್ರಿ ಬರದಿದ್ದರೆ ಅದಕ್ಕೆ ಕಾಲ ತಿಳಿಯುವುದೇ ಇಲ್ಲ. ಆರು ತಿಂಗಳ ಬಿಸಿಲು, ಆರು ತಿಂಗಳ ಚಳಿಯಲ್ಲಿ ಬೆಳೆಯಾದರೂ ಹೇಗೆ ಬಂದೀತು?

ಕೊನೆಗೆ ಮಗುವಿನ ಹೆದರಿಕೆಗೆ ಉತ್ತರಿಸಬೇಕು. ಚಂದ್ರನ ಸೆಳೆತದಿಂದ ಭೂಮಿಯ ತಿರುಗುವಿಕೆ ನಿಧಾನವಾಗುತ್ತಿರುವುದು ನಿಜ. ಆದರೆ 100 ವರ್ಷಕ್ಕೆ ದಿನ ಉದ್ದವಾಗುವುದು ಸುಮಾರು 2 ಮಿಲಿಸೆಕೆಂಡು ಮಾತ್ರ. ಒಮ್ಮೆಲೇ ನಿಲ್ಲಿಸುವಂಥ ಶಕ್ತಿ ಯಾವುದೂ ಸುತ್ತಮುತ್ತ ಇಲ್ಲ.

ತಿರುಗುತ್ತಿದೆ ಎಂಬುದಕ್ಕೆ ಗುರುತನ್ನು ಅಂಗಳದಲ್ಲೇ ತೋರಿಸಬಹುದು. ಒಂದು ಕೋಲು ನೆಟ್ಟು ನೆರಳು ಅತಿ ಗಿಡ್ಡವಾಗುವ ಹೊತ್ತನ್ನು ಬರೆದಿಡಿ. ಅದು ಗಡಿಯಾರದ 12 ಗಂಟೆಗಲ್ಲ, ವರ್ಷದ ಸರಾಸರಿಯಲ್ಲಿ 12 ಗಂಟೆ 20 ನಿಮಿಷದ ಆಸುಪಾಸಿನಲ್ಲಿ. ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ನಾವು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು.

ಮರುದಿನ ತರಗತಿಯಲ್ಲಿ ‘ನಿನ್ನೆ ನಾನು ಹೇಳಿದ್ದು ತಪ್ಪು’ ಎಂದು ಹೇಳಿ ದೀಪದ ಪ್ರಯೋಗ ಮಾಡಿಸಿದೆ. ದೀಪ ಸುತ್ತಿದವಳು ಆ ಹುಡುಗಿಯೇ. ಅಂದಿನ ಪಾಠಯೋಜನೆ ಪೂರ್ತಿಯಾಗಲಿಲ್ಲ. ಆದರೂ ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಪ್ರತಿ ಪಾಠಯೋಜನೆಯಲ್ಲಿ ಮಕ್ಕಳ ಪ್ರಶ್ನೆಗೆಂದು ಐದು ನಿಮಿಷ ಖಾಲಿ ಬಿಡಿ, ಉತ್ತರ ತಿಳಿಯದಿದ್ದರೆ ‘ನಾಳೆ ನೋಡೋಣ’ ಎನ್ನಿ, ಮತ್ತು ಮರುದಿನ ಮರೆಯದೆ ನೋಡಿ.