ಬಿ.ಎಚ್. ರಸ್ತೆ ಅಂದ್ರೆ ನಿಮ್ಮ ರೂಟ್ ಮ್ಯಾಪಿನ ಗೆರೆ ಅಲ್ಲ ಸ್ವಾಮಿ!

ಪ್ರವಾಸದ ಬಗ್ಗೆ ಬರೆಯುವ ಬ್ಲಾಗಿಗ ಮಿತ್ರರ ಜೊತೆ ಇವತ್ತು ಸ್ವಲ್ಪ ಜಗಳ ಇದೆ. ಬೇಜಾರು ಮಾಡ್ಕೋಬೇಡಿ. ಜೋಗ, ಆಗುಂಬೆ, ಕೊಡಚಾದ್ರಿ ಅಂತ ನೀವು ಬರೆದದ್ದನ್ನೆಲ್ಲ ಓದ್ತೀನಿ, ಫೋಟೋ ನೋಡಿ ಖುಷಿನೂ ಪಡ್ತೀನಿ. ಆದರೆ ಕೊನೆಯಲ್ಲಿ "ಹೋಗುವುದು ಹೇಗೆ?" ಅಂತ ಒಂದು ಪ್ಯಾರಾ ಇರುತ್ತಲ್ಲ, ಅಲ್ಲಿಗೆ ಬಂದಾಗ ಮೈ ಉರಿಯುತ್ತೆ. "ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಡಿ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ. ಭದ್ರಾವತಿ, ಶಿವಮೊಗ್ಗದಲ್ಲಿ ಟ್ರಾಫಿಕ್ ಇರುತ್ತೆ, ಆದಷ್ಟು ಬೇಗ ದಾಟಿ."

ದಾಟಿ! ಎರಡು ಊರಿನ ಕಥೆ ಅಷ್ಟಕ್ಕೇ ಮುಗೀತು.

ಆ ಟ್ರಾಫಿಕ್ ಅಂದ್ರೆ ಯಾರು ಮಾರಾಯ್ರೆ? ದಸರಾ ರಜೆಯಲ್ಲಿ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಶುಕ್ರವಾರಕ್ಕೋ ಸೋಮವಾರಕ್ಕೋ ಸರ್ಕಾರಿ ರಜೆ ಅಂಟಿಕೊಂಡು ಬಂದಾಗಲೆಲ್ಲ ನಮ್ಮ ರಸ್ತೆಯಲ್ಲಿ ನಿಂತಿರೋದು ನಿಮ್ಮದೇ ಕಾರುಗಳು. ನಾವು ಹಾಲು ತರೋಕೆ, ಮಗುವನ್ನು ಶಾಲೆಗೆ ಬಿಡೋಕೆ ಅದೇ ರಸ್ತೆಗೆ ಬಂದವರು.

ಬಿ.ಎಚ್. ರಸ್ತೆ ಅಂದ್ರೆ ಏನು ಅಂತ ಎಷ್ಟು ಜನಕ್ಕೆ ಗೊತ್ತೋ. ಬೆಂಗಳೂರು–ಹೊನ್ನಾವರ ರಸ್ತೆ. ಭದ್ರಾವತಿಯಲ್ಲೂ ಮುಖ್ಯ ರಸ್ತೆಯ ಹೆಸರು ಅದೇ, ಶಿವಮೊಗ್ಗದಲ್ಲೂ ಅದೇ, ಸಾಗರದಲ್ಲೂ ಅದೇ. ಹಳೆಯ ಲೆಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 206. ಈಗ ನಂಬರು ಬದಲಾಗಿದೆ, ಬಾಯಲ್ಲಿ ಹೆಸರು ಬದಲಾಗಿಲ್ಲ. ನಮ್ಮ ಅಂಗಡಿ, ಬ್ಯಾಂಕು, ಬಸ್ ಸ್ಟ್ಯಾಂಡು ಎಲ್ಲ ಈ ರಸ್ತೆಗೇ ಆತುಕೊಂಡಿವೆ. ಎಂ.ಆರ್.ಎಸ್. ಸರ್ಕಲ್‌ನಿಂದ ವಿದ್ಯಾನಗರ, ತುಂಗಾ ಸೇತುವೆ, ಅಮೀರ್ ಅಹ್ಮದ್ ಸರ್ಕಲ್, ಅಶೋಕ ಸರ್ಕಲ್ ಅಂತ ಹೋಗುವ ಈ ಗೆರೆಯೇ ಶಿವಮೊಗ್ಗದ ಬೆನ್ನುಮೂಳೆ. ನೀವು ಅದನ್ನ "ದಾಟುವ" ಜಾಗ ಅಂತೀರಿ.

ಇನ್ನು ಆ "ನಾಲ್ಕು ಗಂಟೆ" ಸಲಹೆ. ನೋಡಿ, ಒಬ್ಬ ನಾಲ್ಕಕ್ಕೆ ಹೊರಟರೆ ಅವನು ಜಾಣ. ಓದಿದವರೆಲ್ಲ ನಾಲ್ಕಕ್ಕೇ ಹೊರಟರೆ? ನಡುವೆ ಎಲ್ಲೋ ತಟ್ಟೆ ಇಡ್ಲಿ, ಕಾಫಿ. ಎಲ್ಲರೂ ಸೇರಿ ಒಂಬತ್ತು, ಒಂಬತ್ತೂವರೆಗೆ ಭದ್ರಾವತಿಗೆ ಬಂದು ನಿಲ್ತಾರೆ. ಊರಿಗೆ ಊರೇ ಕೆಲಸಕ್ಕೆ ಹೊರಡೋ ಹೊತ್ತು ಅದು! ಅಲ್ಲಿಂದ ಶಿವಮೊಗ್ಗ ಬರೀ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಅಂದ್ರೆ ಅದೇ ಮೆರವಣಿಗೆ ಅರ್ಧ ಗಂಟೆ ಬಿಟ್ಟು ನಮ್ಮಲ್ಲಿಗೆ ಬರುತ್ತೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಇದೇ ಸಿನಿಮಾ, ಉಲ್ಟಾ ರೀಲು.

"ಬೈಪಾಸ್ ಆಗ್ಲಿ, ನಾಲ್ಕು ಪಥ ಪೂರ್ತಿ ಆಗ್ಲಿ, ಸರಿಹೋಗುತ್ತೆ" ಅಂತೀರಿ. ಆಗಲಿ, ಬೇಡ ಅಂದವರಾರು. ಆದರೆ ಅಷ್ಟರಿಂದಲೇ ಸರಿಹೋಗುತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಇದು ನಮ್ಮೊಬ್ಬರ ರೋಗ ಅಲ್ಲ, ಆಲ್ಪ್ಸ್ ಪರ್ವತದವರನ್ನು ಕೇಳಿ. ಫ್ರಾನ್ಸಿನಲ್ಲಿ ಆಲ್ಬರ್‌ವಿಲ್‌ನಿಂದ ಮೂಟಿಯೇ ಕಡೆಗೆ ಒಂದು ಕಣಿವೆ ರಸ್ತೆ ಇದೆ. ಮೇಲೆ ಕೂರ್ಶೆವೆಲ್, ವಾಲ್ ತೊರಾನ್ಸ್ ಅಂತ ಹಿಮದಲ್ಲಿ ಜಾರುವ ಆಟದ ದೊಡ್ಡ ದೊಡ್ಡ ತಾಣಗಳು. 1992ರ ಚಳಿಗಾಲದ ಒಲಿಂಪಿಕ್ಸ್‌ಗೆ ಆ ರಸ್ತೆಯನ್ನು ಅಗಲ ಮಾಡಿದರು. ಇವತ್ತಿಗೂ ಫೆಬ್ರವರಿ ಶನಿವಾರಗಳಲ್ಲಿ ಅಲ್ಲಿ ಕಾರು ತೆವಳುತ್ತೆ. ಯಾಕೆ? ಅಲ್ಲಿನ ಬಾಡಿಗೆ ಮನೆಗಳ ವಾರ ಶನಿವಾರದಿಂದ ಶನಿವಾರಕ್ಕೆ. ಇಳಿಯೋರೂ ಹತ್ತೋರೂ ಒಂದೇ ದಿನ. ಸಮಸ್ಯೆ ಡಾಂಬರಿನಲ್ಲಿ ಇರಲಿಲ್ಲ, ಕ್ಯಾಲೆಂಡರಿನಲ್ಲಿ ಇತ್ತು.

ಆ ದೇಶದವರು ಇದಕ್ಕೆ ಎರಡು ಕೆಲಸ ಮಾಡಿದ್ದಾರೆ. ಶಾಲೆಗಳ ಚಳಿಗಾಲದ ರಜೆಯನ್ನು ಮೂರು ವಲಯ ಮಾಡಿ ಬೇರೆ ಬೇರೆ ವಾರ ಶುರು ಮಾಡ್ತಾರೆ. ಇನ್ನೊಂದು, 1976ರಿಂದ ಸರ್ಕಾರವೇ ಯಾವ ದಿನ ರಸ್ತೆ ಹೇಗಿರುತ್ತೆ ಅಂತ ಮೊದಲೇ ಬಣ್ಣದಲ್ಲಿ ಹೇಳುತ್ತೆ: ಹಸಿರು, ಕಿತ್ತಳೆ, ಕೆಂಪು, ಕಪ್ಪು. ಆ ಸೇವೆಯ ಹೆಸರು ಬಿಜೋಂ ಫ್ಯುಟೆ, ಅಂದ್ರೆ ಜಾಣ ಕಾಡೆಮ್ಮೆ ಅಂತ. (ನಮ್ಮ ಮಲೆನಾಡಿನ ಕಾಟಿಗೂ ಇಂಥದೊಂದು ಕೆಲಸ ಕೊಡಬಹುದಿತ್ತು :-) ) ಕಾಟ ಪೂರ್ತಿ ತಪ್ಪಿಲ್ಲ, ನಿಜ. ಆದರೆ ಯಾವ ದಿನ ಮನೆಯಲ್ಲಿರಬೇಕು ಅಂತ ಹೇಳೋರು ಒಬ್ಬರಾದರೂ ಇದ್ದಾರೆ. ನಮ್ಮಲ್ಲಿ ಹೇಳೋರು ನೀವು, ನೀವು ಹೇಳೋದು "ನಾಲ್ಕಕ್ಕೆ ಬಿಡಿ".

ಶಾರ್ಟ್‌ಕಟ್ ವಿಷಯಕ್ಕೆ ಬರ್ತೀನಿ. ಹೆದ್ದಾರಿ ಕೆಂಪಾದ ಕೂಡಲೇ ಫೋನಿನ ಮ್ಯಾಪು ನಿಮ್ಮನ್ನು ಭದ್ರಾವತಿ ಸುತ್ತಲಿನ ಚಾನಲ್ ಏರಿ ರಸ್ತೆಗೆ, ಹಳ್ಳಿ ರಸ್ತೆಗೆ ತಿರುಗಿಸುತ್ತೆ. ಆ ರಸ್ತೆಗಳು ಒಂದು ಟ್ರಾಕ್ಟರಿಗೆ ಆಗುವಷ್ಟು. ಎದುರಿಗೆ ಇನ್ನೊಂದು ಬಂದರೆ ಒಬ್ಬರು ಗದ್ದೆಗೆ ಇಳಿಯಬೇಕು. ಸುಗ್ಗಿ ಹೊತ್ತಿಗೆ ಅಲ್ಲಿ ಮೆಕ್ಕೆಜೋಳ ಹರಡಿರ್ತಾರೆ, ಭತ್ತದ ಹುಲ್ಲು ಒಣಗ್ತಾ ಇರುತ್ತೆ. ರಸ್ತೆ ಮೇಲೆ ಒಣಗಿಸೋದು ಸರಿಯೋ ತಪ್ಪೋ ಬೇರೆ ಚರ್ಚೆ. ಆದರೆ ಅಜ್ಜಿಯೊಬ್ಬಳು ಕಾಳು ಹರಡ್ತಾ ಇದ್ದರೆ ಹಿಂದೆ ನಿಂತು ಹಾರ್ನ್ ಒತ್ತೋರಿಗೆ ಆ ಚರ್ಚೆಯ ಹಕ್ಕಿಲ್ಲ. ಆಸ್ಟ್ರಿಯಾದ ಟೈರೋಲ್ ಪ್ರಾಂತ್ಯದಲ್ಲಿ ಇದೇ ಆಯ್ತು. ಹೆದ್ದಾರಿ ಕಟ್ಟಿಕೊಂಡಾಗ ರಜೆಯವರೆಲ್ಲ ಮ್ಯಾಪು ಹೇಳಿದ ಹಾಗೆ ಹಳ್ಳಿಗೆ ನುಗ್ಗಿದರು. 2019ರ ಬೇಸಿಗೆಯಲ್ಲಿ ಅಲ್ಲಿನ ಸರ್ಕಾರ ವಾರಾಂತ್ಯಗಳಲ್ಲಿ ಹಾಗೆ ಹಾದುಹೋಗುವವರು ಹೆದ್ದಾರಿ ಬಿಟ್ಟು ಇಳಿಯುವಂತಿಲ್ಲ ಅಂತ ತಡೆ ಹಾಕಿತು. ಪಕ್ಕದ ಬವೇರಿಯಾದವರು ಕೂಗಾಡಿದರು. ಟೈರೋಲಿನವರು ಜಗ್ಗಲಿಲ್ಲ.

ಇಷ್ಟು ಹೊತ್ತು ಹೇಳಿದ್ದು ಕಿರಿಕಿರಿಯ ಮಾತು. ನಿಜವಾಗಿ ನನಗೆ ಹೊಟ್ಟೆ ಉರಿಯೋದು ಆಗುಂಬೆ ವಿಷಯದಲ್ಲಿ.

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೇಲೆ ಉಡುಪಿಗೆ ಹೋಗುವ ದಾರಿ ನಿಮಗೆ "ಸೀನಿಕ್ ರೂಟ್". ನಮಗೆ ಅದು ಮಣಿಪಾಲದ ಆಸ್ಪತ್ರೆಯ ದಾರಿ. ತಲೆಗೆ ಪೆಟ್ಟು, ಹೃದಯದ ತೊಂದರೆ ಅಂದರೆ "ಮಣಿಪಾಲಕ್ಕೆ ಕರ್ಕೊಂಡು ಹೋಗಿ" ಅನ್ನೋ ಮಾತು ನಮ್ಮ ಕಡೆ ಕೇಳದ ಮನೆ ಇಲ್ಲ. ಆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ದೊಡ್ಡ ಲಾರಿಗಳಿಗೆ ಪ್ರವೇಶ ಇಲ್ಲ, ಮಳೆಗಾಲದಲ್ಲಿ ಗುಡ್ಡ ಜರಿದರೆ ಎಲ್ಲದಕ್ಕೂ ಇಲ್ಲ. ಮಳೆ ನಿಂತು ದಾರಿ ಸಲೀಸಾಯ್ತು ಅನ್ನೋ ಹೊತ್ತಿಗೆ ನಿಮ್ಮ ರಜೆ. ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾಗಿ, ಅದೃಷ್ಟ ಇದ್ದರೆ ಅರಬ್ಬೀ ಸಮುದ್ರದವರೆಗೆ ಕಾಣುತ್ತೆ. ಸೂರ್ಯಾಸ್ತದ ಕಟ್ಟೆ ಇರೋದು ಎಲ್ಲಿ? ಘಾಟಿ ರಸ್ತೆಗೆ ತಾಗಿಕೊಂಡೇ! ನೂರಾರು ಕಾರು ಒಂದೇ ಮುಕ್ಕಾಲು ಗಂಟೆಯಲ್ಲಿ ಅಲ್ಲಿ ನಿಲ್ಲಬೇಕು. ಎಲ್ಲಿ ನಿಲ್ತವೆ? ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತ. ರಸ್ತೆ ಮೇಲೇ.

2023ರ ಡಿಸೆಂಬರ್ ಕೊನೆಯ ವಾರ ನಮ್ಮ ದೊಡ್ಡಪ್ಪನ್ನ ಕರ್ಕೊಂಡು ಆಂಬುಲೆನ್ಸಿನಲ್ಲಿ ಅಲ್ಲಿ ಸಿಕ್ಕಿಹಾಕಿಕೊಂಡೆ. ಇಪ್ಪತ್ತೈದು ನಿಮಿಷ. ಸೈರನ್ ಹೊಡೀತಾನೇ ಇದೆ, ಮುಂದಿನ ಕಾರಿನವರು ಕಾರಿನಲ್ಲೇ ಇಲ್ಲ! ಕಟ್ಟೆ ಹತ್ತಿ ಸೂರ್ಯನನ್ನ ಅಂಗೈಯಲ್ಲಿ ಹಿಡಿದ ಹಾಗೆ ಫೋಟೋ ತೆಗೆಸ್ತಾ ಇದ್ದರು. ಡ್ರೈವರ್ ಇಳಿದು ಓಡಿ, ಒಬ್ಬೊಬ್ಬರನ್ನೇ ಕರ್ಕೊಂಡು ಬಂದು ಗಾಡಿ ತೆಗೆಸಿದ. ಒಬ್ಬ ಹುಡುಗ "ಸಾರಿ ಅಂಕಲ್, ಬರೀ ಎರಡು ನಿಮಿಷ ಅಂತ ನಿಲ್ಸಿದ್ದು" ಅಂದ. ಪಾಪ, ಕೆಟ್ಟವನಲ್ಲ. ಇದು ಆಸ್ಪತ್ರೆ ದಾರಿ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ದೊಡ್ಡಪ್ಪ ಉಳಿದುಕೊಂಡರು. ಆದರೆ ಆ ಇಪ್ಪತ್ತೈದು ನಿಮಿಷ ದೊಡ್ಡಮ್ಮ ಅವರ ಕೈ ಹಿಡ್ಕೊಂಡು ಕೂತಿದ್ದು ನನ್ನ ಕಣ್ಣಿಂದ ಹೋಗಿಲ್ಲ.

ನಿಮ್ಮ ಬರಹಗಳಲ್ಲಿ "ಸಂಜೆ ಐದೂವರೆಗೆ ಆಗುಂಬೆ ಘಾಟಿ ತಲುಪುವಂತೆ ಪ್ಲಾನ್ ಮಾಡಿ" ಅಂತ ಇರುತ್ತೆ. "ಗಾಡಿಯನ್ನು ಆಗುಂಬೆ ಊರಿನಲ್ಲೇ ಬಿಟ್ಟು ನಡೆದು ಬನ್ನಿ" ಅಂತ ಒಂದು ಸಾಲು ಇರುತ್ತಾ? ನಾನಂತೂ ನೋಡಿಲ್ಲ.

2025ರ ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಶರಾವತಿ ಹಿನ್ನೀರಿನ ಆಚೆಯ ಜನ ದಶಕಗಳ ಕಾಲ ಲಾಂಚಿಗೆ ಕಾದು ಕಾದು ಸಿಕ್ಕ ಸೇತುವೆ ಅದು. ಅವರ ಮಟ್ಟಿಗೆ ಹಬ್ಬವೇ. ಆದರೆ ಜೊತೆಗೆ ಹೊಸ ರೂಟೂ ಹುಟ್ಟಿಕೊಳ್ತು: "ಸಿಗಂದೂರು, ಕೊಲ್ಲೂರು, ಆಗುಂಬೆ, ಒಂದೇ ವೀಕೆಂಡ್!" ಎರಡು ದಿನದಲ್ಲಿ ಮೂರು ಘಟ್ಟ, ನಾಲ್ಕು ದೇವಸ್ಥಾನ, ಒಂದು ಜಲಪಾತ. ಇದರಲ್ಲಿ ನೋಡೋದು ಏನು, ಮುಂದಿನ ಕಾರಿನ ನಂಬರ್ ಪ್ಲೇಟು ಬಿಟ್ಟು? ಅದೂ ಡಿಸೆಂಬರ್ ಕೊನೆಗೆ ಜೋಗ ಅಂದ್ರೆ, ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಟ್ಟ ಮೇಲೆ, ಬಂಡೆ ಮೇಲೆ ನಾಲ್ಕು ಬಿಳಿ ದಾರ.

ನೀಲಗಿರಿಯಲ್ಲಿ ಏನಾಯ್ತು ನೋಡಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಬಂತು. ಮರುವರ್ಷದ ಏಪ್ರಿಲ್‌ನಲ್ಲಿ ನೀಲಗಿರಿಗೆ ದಿನಕ್ಕೆ 6000, ವಾರಾಂತ್ಯದಲ್ಲಿ 8000 ವಾಹನ ಅಂತ ಮಿತಿನೂ ಬಂತು. ನಮ್ಮಲ್ಲಿ ಇ-ಪಾಸ್ ಬರೋದು ನನಗೆ ಇಷ್ಟ ಇಲ್ಲ. ನಮ್ಮದು ಹಾದುಹೋಗುವ ಊರು, ಗೇಟು ಹಾಕಿದರೆ ಮೊದಲು ಸಿಕ್ಕಿಬೀಳೋದು ತೋಟಕ್ಕೆ ಹೋಗೋ ನಾವೇ. ಆದರೆ ಹೀಗೇ ನಡೆದರೆ ಒಂದು ದಿನ ಯಾರಾದರೂ ಕೋರ್ಟಿಗೆ ಹೋಗ್ತಾರೆ, ಆಗ ಅವರನ್ನ ಬೈಯೋಕೆ ನನಗೆ ಬಾಯಿ ಇರಲ್ಲ.

ಬರಬೇಡಿ ಅಂತ ಹೇಳ್ತಿಲ್ಲ. ಬನ್ನಿ, ನಮ್ಮ ಹೋಟೆಲಿನವರು, ಆಟೋದವರು ನಿಮ್ಮನ್ನು ಕಾಯ್ತಾ ಇರ್ತಾರೆ. ನಿಮ್ಮ "ಹೋಗುವುದು ಹೇಗೆ?" ಪ್ಯಾರಾ ಬದಲಾಯಿಸಿ ಅಷ್ಟೆ. ನಾನೇ ಬರೆದು ಕೊಡ್ತೀನಿ:

"ರಜೆಯ ಮೊದಲ ದಿನ ಹೊರಡಬೇಡಿ, ಕೊನೆಯ ದಿನ ಮರಳಬೇಡಿ. ವಾರದ ನಡುವೆ ರಜೆ ಹಾಕಿ ಬನ್ನಿ. ಶಿವಮೊಗ್ಗದಲ್ಲಿ ಒಂದು ರಾತ್ರಿ ಉಳಿದು ಬೆಳಗ್ಗೆ ಸಕ್ರೆಬೈಲಿಗೆ ಹೋಗಿ ಆನೆ ನೋಡಿ, ಹೊಳೆಹೊನ್ನೂರು ಕಡೆ ಹೋಗಿ ಕೂಡಲಿಯಲ್ಲಿ ತುಂಗೆ ಭದ್ರೆ ಸೇರೋದನ್ನ ನೋಡಿ. ಚಾನಲ್ ಏರಿ ಮೇಲೆ ಕಾರು ಹತ್ತಿಸಬೇಡಿ. ಆಗುಂಬೆ ಘಾಟಿಯಲ್ಲಿ ರಸ್ತೆ ಮೇಲೆ ಗಾಡಿ ನಿಲ್ಲಿಸಬೇಡಿ, ಅದು ಆಂಬುಲೆನ್ಸ್ ದಾರಿ. ಜೋಗಕ್ಕೆ ಹೋಗುವವರಿಗೆ ಕಾರೇ ಬೇಡ. ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿದರೆ ಬೆಳಗ್ಗೆ ತಾಳಗುಪ್ಪ, ಅಲ್ಲಿಂದ ಜೋಗ ಹದಿನೈದು ಕಿಲೋಮೀಟರ್ ಆಸುಪಾಸು."

ಕಾಪಿ ಹೊಡೆದು ಹಾಕ್ಕೊಳ್ಳಿ. ನನ್ನ ಹೆಸರೂ ಬೇಡ, ಕೊಂಡಿಯೂ ಬೇಡ.