ಎಲ್ಮ್ ಇರಲೋ, ನೀಲಗಿರಿ ಬರಲೋ?

ಮೆಲ್ಬರ್ನ್‌ನ ಫಿಟ್ಜ್‌ರಾಯ್ ಉದ್ಯಾನದ ಹಳೆಯ ಎಲ್ಮ್ ಮರಗಳ ಕಾಂಡಕ್ಕೆ ಅಗಲವಾದ ನುಣುಪು ಪಟ್ಟಿ ಸುತ್ತಿರುತ್ತಾರೆ. ರಾತ್ರಿ ಪೋಸಮ್ ಎಂಬ ಪ್ರಾಣಿಗಳು ಹತ್ತಿ ಚಿಗುರು ತಿನ್ನದಿರಲೆಂದು ಈ ಏರ್ಪಾಡು. ಉಗುರಿಗೆ ಹಿಡಿತ ಸಿಗದೆ ಅವು ಜಾರುತ್ತವೆ. ಯುರೋಪಿನ ಮರವನ್ನು ಆ ನೆಲದ್ದೇ ಪ್ರಾಣಿಯಿಂದ ಕಾಯಲು ಇಷ್ಟು ಪಾಡು ಬೇಕೆ ಎಂದು ಕೇಳುವವರಿದ್ದಾರೆ.

ಬೇಕು ಎನ್ನುವವರ ಮಾತು ಹಗುರವಲ್ಲ. ಡಚ್ ಎಲ್ಮ್ ರೋಗ ಬ್ರಿಟನ್, ಅಮೆರಿಕಗಳಲ್ಲಿ ಕೋಟ್ಯಂತರ ಎಲ್ಮ್‌ಗಳನ್ನು ಕೊಂದಿತು. ಆಸ್ಟ್ರೇಲಿಯಾಕ್ಕೆ ಅದು ಕಾಲಿಟ್ಟಿಲ್ಲ. ಮೆಲ್ಬರ್ನ್‌ನ ರಾಯಲ್ ಪೆರೇಡ್ ರಸ್ತೆಯಲ್ಲಿರುವಂಥ ಎಲ್ಮ್ ಸಾಲುಗಳು ಈಗ ಲೋಕದಲ್ಲೇ ಅಪರೂಪ. ಬೇಸಿಗೆಯಲ್ಲಿ ದಟ್ಟ ನೆರಳು ಕೊಟ್ಟು, ಚಳಿಗಾಲದಲ್ಲಿ ಎಲೆ ಉದುರಿಸಿ ಬಿಸಿಲು ಬಿಡುತ್ತವೆ.

ಆದರೆ 1997ರಿಂದ 2009ರವರೆಗಿನ ಬರದಲ್ಲಿ ಇವೇ ಮರಗಳು ಸೊರಗಿದವು. 20 ವರ್ಷಗಳಲ್ಲಿ ನಗರದ ಮರಗಳಲ್ಲಿ ದೊಡ್ಡ ಪಾಲು ಹೋಗಬಹುದೆಂದು ಪಾಲಿಕೆ ಅಂದಾಜಿಸಿತು. ಹಾಗಾಗಿ 2012ರ ಯೋಜನೆಯಲ್ಲಿ ಯಾವ ಒಂದು ಪ್ರಭೇದವೂ ಶೇ. 5 ಮೀರಬಾರದೆಂದು ಗುರಿಯಿಟ್ಟು, ಶೇ. 22ರಷ್ಟಿದ್ದ ಮರದ ನೆರಳನ್ನು 2040ಕ್ಕೆ ಶೇ. 40ಕ್ಕೆ ಏರಿಸಲು ಹೊರಟಿತು. ರೋಗ ಬಂದರೆ ಬೀದಿಗೆ ಬೀದಿಯೇ ಬೋಳಾಗಬಾರದಲ್ಲ!

ಸಿಡ್ನಿಯಲ್ಲಿ ಜಗಳ ಲಂಡನ್ ಪ್ಲೇನ್ ಮರದ ಮೇಲೆ. ಹೊಗೆ, ಗಟ್ಟಿ ಮಣ್ಣು, ಕತ್ತರಿ ಎಲ್ಲವನ್ನೂ ತಾಳುವ ಮರ ಅದು. ಆದರೆ ವಸಂತದಲ್ಲಿ ಅದರ ನವಿರು ರೋಮಗಳು ಹಾರಿ ಕಣ್ಣು ಉರಿಸುತ್ತವೆ, ಕೆಮ್ಮು ತರಿಸುತ್ತವೆ. ಸ್ಥಳೀಯ ಮರ ನೆಡಿ ಎನ್ನುವವರಿಗೆ ಹಕ್ಕಿ, ಜೇನಿನ ಕಾಳಜಿಯಿದೆ, ಅದು ನ್ಯಾಯವೇ. ಆದರೆ ನೀಲಗಿರಿಯ ನೆರಳು ತೆಳು. ಕೆಲವು ಜಾತಿಗಳು ಬಿರುಬಿಸಿಲಲ್ಲಿ ಇದ್ದಕ್ಕಿದ್ದಂತೆ ಕೊಂಬೆ ಉದುರಿಸುತ್ತವೆ. ಸ್ಥಳೀಯ ಎಂಬ ಹೆಸರು ಮರವನ್ನು ಕಾಯುವುದೂ ಇಲ್ಲ: 2016ರಲ್ಲಿ ಆನ್‌ಜಾಕ್ ಪೆರೇಡ್ ರಸ್ತೆಯಲ್ಲಿ ಲಘುರೈಲಿಗಾಗಿ ಉರುಳಿದವುಗಳಲ್ಲಿ ಅಲ್ಲಿನದೇ ಮೋರ್ಟನ್ ಬೇ ಮರಗಳಿದ್ದವು, ನಮ್ಮ ಆಲದ ಕುಲದವು.

ನಮ್ಮಲ್ಲೂ ಹೀಗೆಯೇ. ಲಾಲ್‌ಬಾಗ್ ನೋಡಿಕೊಂಡ ಕ್ರುಂಬಿಗಲ್ ಕಾಲದಲ್ಲಿ ಬೆಂಗಳೂರಿಗೆ ಹಬ್ಬಿದ ಹೊರನಾಡಿನ ಹೂಮರಗಳನ್ನು ಯಾರೂ ಪರಕೀಯವೆನ್ನುವುದಿಲ್ಲ. ಆದರೆ ಆಸ್ಟ್ರೇಲಿಯಾದಿಂದ ಬಂದ ನೀಲಗಿರಿಯನ್ನು ನೆಡದಂತೆ ಕರ್ನಾಟಕ 2017ರಲ್ಲಿ ನಿಷೇಧಿಸಿತು. ಮರ ಎಲ್ಲಿಯದು ಎನ್ನುವುದಕ್ಕಿಂತ ಆ ಬೀದಿಯಲ್ಲಿ ಏನು ಮಾಡುತ್ತದೆ ಎಂದು ನೋಡುವುದು ಮೇಲು.

ಸಾಮಾನ್ಯ ಬೀದಿಗಳಲ್ಲಿ ಬಗೆಬಗೆಯ ಮರ ಬೆರೆಸುವುದೇ ಸರಿ ಎಂದು ನನ್ನ ನಂಬಿಕೆ. ಹೆಸರಾಂತ ಸಾಲುಗಳಲ್ಲಿ ಮಾತ್ರ ಅದೇ ಜಾತಿ ಉಳಿಯಲಿ. ಅಲ್ಲಿ ಸತ್ತ ಮರದ ಜಾಗಕ್ಕೆ ಒಂದೊಂದೇ ಸಸಿ ನೆಟ್ಟರೆ ಸಾಲು ಹಲ್ಲುದುರಿದ ಬಾಯಿಯಂತಾಗುತ್ತದೆ. ಒಟ್ಟಿಗೆ ಕಡಿದು ನೆಟ್ಟರೆ ಸಾಲು ಸಮನಾಗಿ ಬೆಳೆಯುತ್ತದೆ, ಆದರೆ ದಶಕಗಳ ಕಾಲ ನೆರಳಿಲ್ಲ. ಅಂದ ಕೆಟ್ಟರೂ ನಾನು ಒಂದೊಂದಾಗಿ ನೆಡುವುದನ್ನೇ ಒಪ್ಪುತ್ತೇನೆ. ಇಂದು ಆ ದಾರಿಯಲ್ಲಿ ಕೋಲೂರಿ ನಡೆಯುವವರಿಗೆ ಇನ್ನಿಪ್ಪತ್ತು ವರ್ಷ ಕಾಯುವಷ್ಟು ಪುರುಸೊತ್ತಿಲ್ಲ.