ಗೋಡೆ ಮೇಲಿನ ಪದಕದ ಪಟ್ಟಿ



ಮಂಗಳೂರಿನ ಒಂದು ಹಾಸ್ಟೆಲಿನ ಊಟದ ಕೋಣೆಯ ಗೋಡೆಯಿಂದ ಈ ಮಾತು ಶುರು ಮಾಡಬೇಕಾಗಿದೆ. 2023ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 8ರ ತನಕ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಅಷ್ಟೂ ದಿನ ನಮ್ಮ ಹುಡುಗನೊಬ್ಬ ಆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಪದಕದ ಪಟ್ಟಿ ಬರೆದ. ಚಿನ್ನ, ಬೆಳ್ಳಿ, ಕಂಚು, ಒಟ್ಟು. ಬೆಳಿಗ್ಗೆ ಪೇಪರ್ ನೋಡಿ ಒಂದು ಸಲ, ರಾತ್ರಿ ಗಾಜು ಒಡೆದ ಮೊಬೈಲ್ ನೋಡಿ ಇನ್ನೊಂದು ಸಲ. ರಾಯಚೂರು ಕಡೆಯ ಹುಡುಗ. ಅಪ್ಪ ಅವ್ವ ಈ ಊರಿಗೆ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ಅವರು ಕಟ್ಟಿದ ಗೋಡೆಗಳ ಮೇಲೆ ಯಾರ್ಯಾರದೋ ಹೆಸರು ಬರೆದಿದೆ. ಮಗ ಬರೆಯೋದಕ್ಕೆ ಸಿಕ್ಕಿದ್ದು ಈ ಒಂದು ಗೋಡೆ.

"ಎಂತ ಮಾರಾಯ, ಗೋಡೆ ಹಾಳು ಮಾಡ್ತೀಯಲ್ಲ" ಅಂದರಂತೆ ಅಲ್ಲಿಯ ಮೇಲ್ವಿಚಾರಕರು. "ಸುಣ್ಣ ನಾನೇ ಬಳೀತೀನ್ರಿ ಸಾರ್, ಗೇಮ್ಸ್ ಮುಗೀಲಿ" ಅಂದನಂತೆ ಇವನು.

ಅಕ್ಟೋಬರ್ 7ನೇ ತಾರೀಕು ಪಟ್ಟಿ ನೂರು ಮುಟ್ಟಿತು. ಹೆಣ್ಣುಮಕ್ಕಳ ಕಬಡ್ಡಿ ತಂಡ ಚೈನೀಸ್ ತೈಪೆಯನ್ನು 26-25ರಲ್ಲಿ, ಒಂದೇ ಒಂದು ಪಾಯಿಂಟಿನಲ್ಲಿ, ಸೋಲಿಸಿತು. ಅದು ನೂರನೆಯ ಪದಕ. ಹುಡುಗರು ತಟ್ಟೆ ಬಡಿದು ಕುಣಿದರು. ಕೊನೆಗೆ ಭಾರತಕ್ಕೆ ಬಂದದ್ದು 107: 28 ಚಿನ್ನ, 38 ಬೆಳ್ಳಿ, 41 ಕಂಚು. ಹಿಂದಿನ ಸಲ, 2018ರಲ್ಲಿ ಜಕಾರ್ತದಲ್ಲಿ ಬಂದದ್ದು 70. ಲೆಕ್ಕ ಸರಿ, ಕುಣಿದದ್ದೂ ಸರಿ. ಕಬಡ್ಡಿ ನಮ್ಮ ಕೇರಿಯ ಆಟ. ಬ್ಯಾಟು ಬೇಡ, ಬೂಟು ಬೇಡ, ಉಸಿರು ಇದ್ದರೆ ಸಾಕು.

ಆ ಗದ್ದಲದಲ್ಲಿ ಪಿಯುಸಿಯ ಚಿಕ್ಕ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ: "ಅಣ್ಣಾ, ಇದ್ರಾಗ ನಮ್ಮೋರು ಎಷ್ಟು ಮಂದಿ?"

ತಟ್ಟೆ ಸದ್ದು ನಿಂತಿತು. ಪಟ್ಟಿ ಬರೆದವನ ಹತ್ತಿರ ಉತ್ತರ ಇರಲಿಲ್ಲ. ಅವನು ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದಿಟ್ಟ. ನಾವೂ ತಕ್ಷಣ ಉತ್ತರ ಕೊಡಲಾಗದೆ ಕೂತೆವು. ಇಷ್ಟು ದಿನ ಯೋಚಿಸಿ ಈಗ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು. ಆಟಗಾರರ ಜಾತಿ ಹುಡುಕುವ ಚಾಳಿ ಈ ದೇಶಕ್ಕೆ ಹೊಸದಲ್ಲ. 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಪಿ.ವಿ. ಸಿಂಧು ಬೆಳ್ಳಿ ಗೆದ್ದ ದಿನಗಳಲ್ಲಿ ಆಕೆಯ ಜಾತಿ ಯಾವುದು ಅಂತ ಗೂಗಲ್‌ನಲ್ಲಿ ಜನ ಮುಗಿಬಿದ್ದು ಹುಡುಕಿದ್ದನ್ನು ಪತ್ರಿಕೆಗಳು ಬರೆದವು. ಗೆದ್ದರೆ ನಮ್ಮವಳು ಅನ್ನಬೇಕಲ್ಲ, ಅದಕ್ಕೆ. ಸೋತರೆ ಏನು? ಅದಕ್ಕೂ ಉದಾಹರಣೆ ಉಂಟು.

2021ರ ಆಗಸ್ಟ್ 4. ಟೋಕಿಯೋ ಒಲಿಂಪಿಕ್ಸ್. ಹೆಣ್ಣುಮಕ್ಕಳ ಹಾಕಿ ಸೆಮಿಫೈನಲ್‌ನಲ್ಲಿ ಭಾರತ ಅರ್ಜೆಂಟೀನಾಕ್ಕೆ 2-1ರಲ್ಲಿ ಸೋತಿತು. ಅವತ್ತು ಹರಿದ್ವಾರದ ಹತ್ತಿರ ರೋಶ್ನಾಬಾದಿನಲ್ಲಿ ಆಟಗಾರ್ತಿ ವಂದನಾ ಕಟಾರಿಯಾ ಅವರ ಮನೆ ಮುಂದೆ ಮೇಲ್ಜಾತಿಯ ಕೆಲವರು ಪಟಾಕಿ ಹೊಡೆದು ಕುಣಿದರು, ತಂಡದಲ್ಲಿ ದಲಿತರು ಜಾಸ್ತಿಯಾದ್ದರಿಂದ ಸೋಲಾಯಿತು ಅಂತ ಬೈದರು ಎಂದು ಮನೆಯವರು ಪೊಲೀಸರಿಗೆ ದೂರು ಕೊಟ್ಟರು. ದೇಶ ಸೋತ ದಿನ ಪಟಾಕಿ ಹೊಡೆಯುವ ದೇಶಭಕ್ತಿ ಎಂಥದ್ದು, ನೀವೇ ಹೇಳಿ. ಅದಕ್ಕೆ ನಾಲ್ಕು ದಿನ ಮುಂಚೆ, ಜುಲೈ 31ರಂದು, ದಕ್ಷಿಣ ಆಫ್ರಿಕಾದ ಮೇಲೆ ಇದೇ ವಂದನಾ ಮೂರು ಗೋಲು ಹೊಡೆದಿದ್ದರು. ಒಲಿಂಪಿಕ್ಸ್ ಹಾಕಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಹ್ಯಾಟ್ರಿಕ್ ಹೊಡೆದದ್ದು ಅದೇ ಮೊದಲು. ಅವರ ತಂದೆ ತೀರಿಕೊಂಡದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಆಗ ಆಕೆ ನಮ್ಮ ಬೆಂಗಳೂರಿನ ಶಿಬಿರದಲ್ಲಿದ್ದರು. ಕೊನೆಯ ಮುಖ ನೋಡಲು ಹೋಗಲಾಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ಆಗಸ್ಟ್ 6ರಂದು ಬ್ರಿಟನ್ ಮೇಲೆ ಕಂಚಿನ ಪಂದ್ಯ. ಭಾರತ 4-3ರಲ್ಲಿ ಸೋತಿತು. ಆ ಮೂರರಲ್ಲಿ ಒಂದು ಗೋಲು ವಂದನಾ ಅವರದು. ಮನೆ ಮುಂದೆ ಬೈಗುಳ, ಕೈಯಲ್ಲಿ ಕೋಲು, ಎದುರಿಗೆ ಗೋಲು. ಆಕೆ ನೋಡಿದ್ದು ಗೋಲನ್ನು. ಹಾಂಗ್‌ಝೌನಲ್ಲಿ ಕಂಚು ಗೆದ್ದ ತಂಡದಲ್ಲೂ ಆಕೆ ಇದ್ದರು. ಆ ಕಂಚು ಬಂದದ್ದೂ ಅಕ್ಟೋಬರ್ 7ಕ್ಕೇ. 2025ರ ಏಪ್ರಿಲ್‌ನಲ್ಲಿ ನಿವೃತ್ತಿಯಾಗುವಾಗ ದೇಶಕ್ಕಾಗಿ 320 ಪಂದ್ಯ ಆಡಿದ್ದರು.

ಈಗ ಆ ಚಿಕ್ಕ ಹುಡುಗನ ಪ್ರಶ್ನೆಗೆ ಬನ್ನಿ. ಅವನೂ ಜಾತಿ ಹುಡುಕಿದ, ರೋಶ್ನಾಬಾದಿನವರೂ ಜಾತಿ ಹುಡುಕಿದರು. ಎರಡೂ ಒಂದೇ ಅನ್ನುವ ಜಾಣರು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟು ಇದ್ದಾರೆ. "ಆಟದಲ್ಲೂ ಜಾತಿ ತರ್ತೀರಾ" ಅಂತ ಅವರು ನಮ್ಮನ್ನೇ ಕೇಳುತ್ತಾರೆ. ಎರಡೂ ಒಂದೇ ಅಲ್ಲ. ಅವರು ಹುಡುಕಿದ್ದು ಒಬ್ಬಳನ್ನು ಹೊರಗೆ ಹಾಕೋದಕ್ಕೆ. ಇವನು ಹುಡುಕಿದ್ದು ತಾನು ಒಳಗೆ ಹೋಗಬಹುದಾ ಅಂತ ತಿಳಿಯೋದಕ್ಕೆ. ಬಾಗಿಲು ಹಾಕುವವನೂ ಬಾಗಿಲು ಬಡಿಯುವವನೂ ಒಂದೇ ಬಾಗಿಲ ಮುಂದೆ ನಿಂತಿರುತ್ತಾರೆ ನಿಜ. ಆದರೆ ಇಬ್ಬರ ಕೆಲಸ ಒಂದೇ ಅಲ್ಲ.

ಓಟದ ವಿಷಯದಲ್ಲಿ ಈ ತುಳುನಾಡು ಏನು ಮಾಡಿದೆ ಅನ್ನೋದನ್ನೂ ನಾವು ಮರೆಯಬಾರದು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಉಸೇನ್ ಬೋಲ್ಟ್ ಜತೆ ಹೋಲಿಸಿತು. ಕೇಂದ್ರದ ಕ್ರೀಡಾ ಮಂತ್ರಿಯಿಂದ ಟ್ರಯಲ್ಸ್‌ಗೆ ಕರೆ ಬಂತು. ಅವರ ಕಾಲಿನ ಶಕ್ತಿಗೆ ನಮ್ಮ ಗೌರವ ಇದೆ. ಆದರೆ ಅದೇ ಕಂಬಳದ ಗದ್ದೆಗಳಲ್ಲಿ ಕೋಣಗಳಿಗಿಂತ ಮುಂಚೆ, ಕೋಣಗಳ ಹಾಗೆ, ಕೊರಗರನ್ನು ಓಡಿಸುತ್ತಿದ್ದ ಕಾಲವಿತ್ತು. ಇದು ಬಾಯಿಮಾತಲ್ಲ. ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 2000ದಲ್ಲಿ ಮಾಡಿದ ಕಾಯ್ದೆಯೊಳಗೇ ಈ ಓಟದ ಹೆಸರು ಇದೆ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದರ ಜತೆಗೆ ಇದನ್ನೂ ಅಪರಾಧ ಅಂತ ಬರೆಯಬೇಕಾಯಿತು. ಅವರು ಎಷ್ಟು ಸೆಕೆಂಡಿನಲ್ಲಿ ಓಡಿದರು ಅಂತ ಯಾರೂ ಗಡಿಯಾರ ಹಿಡಿದು ನೋಡಲಿಲ್ಲ. ಅವರಿಗೆ ಟ್ರಯಲ್ಸ್ ಇರಲಿಲ್ಲ, ಪದಕ ಇರಲಿಲ್ಲ, ಕೂಲಿಯೂ ಇರಲಿಲ್ಲ.

ಇನ್ನೊಂದು ಕತೆ ಉತ್ತರ ಕನ್ನಡದ್ದು. 1980ರ ದಶಕದ ಕೊನೆಯಲ್ಲಿ, ಇದೇ ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೇಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದಾಗ, ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ಬಂತು. ಆಫ್ರಿಕಾ ಮೂಲದವರು, ಓಡುತ್ತಾರೆ ಅನ್ನುವ ಲೆಕ್ಕ. ಮಕ್ಕಳಿಗೆ ಹಾಸ್ಟೆಲ್ ಸಿಕ್ಕಿತು, ಬೂಟು ಸಿಕ್ಕಿತು, ಊಟ ಸಿಕ್ಕಿತು. ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಸರ್ಕಾರ ಯೋಜನೆಯನ್ನೇ ಮುಚ್ಚಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು, ಉಳಿದವರು ಹಾಡಿಗೆ, ಕೂಲಿಗೆ ಮರಳಿದರು. ಪದಕ ಬೇಕಾದಾಗ ನಮ್ಮ ಮೈ ನೆನಪಾಗುತ್ತದೆ, ಫೈಲು ಮುಚ್ಚಿದಾಗ ನಮ್ಮ ಮನೆ ಮರೆತುಹೋಗುತ್ತದೆ. ದಯೆಯಿಂದ ಬಂದದ್ದು ದಯೆ ತೀರಿದ ದಿನ ಹೋಗುತ್ತದೆ. ಆದ್ದರಿಂದ ನಾವು ಕೇಳಬೇಕಾದ್ದು ಹಕ್ಕನ್ನು.

ಹಾಂಗ್‌ಝೌನ ಪಟ್ಟಿಯಲ್ಲೇ ಇದ್ದ ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇವೆ. ಅಕ್ಟೋಬರ್ 1ರಂದು ಹೆಣ್ಣುಮಕ್ಕಳ ಹೆಪ್ಟಾಥ್ಲಾನ್ ಮುಗಿಯಿತು. ಎರಡು ದಿನ, ಏಳು ಸ್ಪರ್ಧೆ. ನಂದಿನಿ ಅಗಸರ 5712 ಅಂಕ, ಕಂಚು. ಸ್ವಪ್ನಾ ಬರ್ಮನ್ 5708 ಅಂಕ, ನಾಲ್ಕನೇ ಸ್ಥಾನ. ನಂದಿನಿ ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ ಓದಿದ ಹುಡುಗಿ, ಅಪ್ಪ ಚಹಾ ಮಾರುವವರು. ನೆನಪಿಡಿ, ನಮ್ಮ ಹಾಗೇ ಸರ್ಕಾರಿ ತಟ್ಟೆಯಲ್ಲಿ ಉಂಡು ಬೆಳೆದವಳು. ಸ್ವಪ್ನಾ ಬಂಗಾಳದ ರಾಜಬಂಶಿ ಸಮುದಾಯದವರು, ಅಪ್ಪ ಸೈಕಲ್ ಗಾಡಿ ತುಳಿದವರು. ಎರಡೂ ಕಾಲಿಗೆ ಆರಾರು ಬೆರಳು, ಹಿಡಿಸುವ ಬೂಟೇ ಇಲ್ಲದೆ ನೋವು ತಿಂದು 2018ರಲ್ಲಿ ಚಿನ್ನ ಗೆದ್ದವರು. ನಾಲ್ಕೇ ಅಂಕದ ಸೋಲಿನ ನೋವಿನಲ್ಲಿ ಸ್ವಪ್ನಾ ತನ್ನ ದೇಶದ ಹುಡುಗಿಯ ಹೆಣ್ತನದ ಮೇಲೇ ಬಹಿರಂಗವಾಗಿ ಆಪಾದನೆ ಮಾಡಿದರು, ಆಮೇಲೆ ಅಳಿಸಿದರು. ಆ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಕೇಳಿಕೊಳ್ಳಿ: ಬಡವರ ಮನೆಯ ಇಬ್ಬರು ಹುಡುಗಿಯರು ಒಂದು ಕಂಚಿಗಾಗಿ ಹೀಗೆ ಎದುರುಬದುರು ನಿಲ್ಲುವ ಸ್ಥಿತಿ ಯಾಕೆ ಬಂತು? ಪದಕ ಇದ್ದರೆ ಕೆಲಸ, ಮನೆ, ಮಾತು. ನಾಲ್ಕನೆಯವಳಿಗೆ ಏನೂ ಇಲ್ಲ. ನಮ್ಮ ಹಾಸ್ಟೆಲುಗಳಲ್ಲೂ ಒಂದು ಸೀಟಿಗೆ, ಒಂದು ಸ್ಕಾಲರ್‌ಶಿಪ್ಪಿಗೆ ನಾವು ನಾವೇ ಎಡಗೈ ಬಲಗೈ ಅಂತ ಕಚ್ಚಾಡುತ್ತೇವಲ್ಲ, ಅದೂ ಇದೇ ರೋಗ.

ಹಾಗಾದರೆ ಹುಡುಗನಿಗೆ ಉತ್ತರ ಏನು? ಹೆಸರುಗಳ ಪಟ್ಟಿ ಮಾಡಿ ಕೊಡುವುದು ನಮ್ಮ ಕೆಲಸ ಅಲ್ಲ. ಯಾವ ಆಟಗಾರನೂ ಎದೆ ಮೇಲೆ ಜಾತಿ ಬರೆದುಕೊಂಡು ಓಡಬೇಕಾಗಿಲ್ಲ. ಜಕಾರ್ತದಲ್ಲಿ 4x400 ರಿಲೇ ಚಿನ್ನ ಗೆದ್ದ ನಾಲ್ವರನ್ನು ನೋಡಿ: ಅಸ್ಸಾಮಿನ ಭತ್ತ ಬೆಳೆಯುವ ಮನೆಯ ಹಿಮಾ ದಾಸ್, ಗುಜರಾತಿನ ಡಾಂಗ್ ಕಾಡಿನ ಆದಿವಾಸಿ ಸರಿತಾ ಗಾಯಕ್ವಾಡ್, ಕೇರಳದ ವಿಸ್ಮಯಾ, ನಮ್ಮ ಮಂಗಳೂರಿನಲ್ಲಿ ಬೆಳೆದ ಪೂವಮ್ಮ. ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ಕೋಲು ಹೋಯಿತು, ಮುಟ್ಟಿದರೆ ಮೈಲಿಗೆ ಅಂತ ಯಾರೂ ಅನ್ನಲಿಲ್ಲ. ನಮ್ಮ ಉತ್ತರ ಇಷ್ಟು: ತಮ್ಮಾ, ಎಷ್ಟು ಮಂದಿ ಇದ್ದಾರೆ ಅನ್ನೋದಕ್ಕಿಂತ, ಇರಬೇಕಾದವರು ಎಲ್ಲಿ ಉಳಿದರು ಅಂತ ಕೇಳು.

ಎಲ್ಲಿ ಉಳಿದರು ಅಂತ ಆ ಹಾಸ್ಟೆಲನ್ನೇ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಅಂಗಳ ಇಲ್ಲ. ಒಂದು ವಾಲಿಬಾಲ್ ಇತ್ತು, ಗಾಳಿ ಹೋಗಿ ಕಪಾಟು ಸೇರಿದೆ. ಓಡುವ ಹುಡುಗರು ರಬ್ಬರ್ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಡಾಂಬರು ರಸ್ತೆಯಲ್ಲಿ ಓಡುತ್ತಾರೆ. ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಊರು ಇದು. ಅಂದು ನಮ್ಮವರ ಮುಂದೆ ಮುಚ್ಚಿದ್ದು ಶಾಲೆಯ ಬಾಗಿಲು. ಇಂದು ಉಳಿದಿರುವುದು ಮೈದಾನದ ಬಾಗಿಲು.

ಮಾಡಬೇಕಾದ್ದು ಇದು. ಒಂದು, ಮಂಗಳಾ ಸ್ಟೇಡಿಯಂ ಸರ್ಕಾರದ್ದು, ಅಂದರೆ ನಮ್ಮದೂ ಹೌದು. ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ವಾರಕ್ಕೆ ಇಷ್ಟು ದಿನ, ಇಷ್ಟು ಹೊತ್ತು, ತರಬೇತುದಾರರ ಸಮೇತ ಬಿಡಿ ಅಂತ ಎಲ್ಲರೂ ಸಹಿ ಹಾಕಿ ಮನವಿ ಕೊಡಿ. ಎರಡು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನಸಂಖ್ಯೆಗೆ ತಕ್ಕಂತೆ ಹಣ ತೆಗೆದಿಡಬೇಕು ಅಂತ 2013ರ ಉಪಯೋಜನೆ ಕಾಯ್ದೆ ಹೇಳುತ್ತದೆ. ಅದು ನೂರಕ್ಕೆ 24 ಚಿಲ್ಲರೆ. ಅದರಲ್ಲಿ ನಿಮ್ಮ ಜಿಲ್ಲೆಯ ಹಾಸ್ಟೆಲುಗಳ ಆಟೋಟಕ್ಕೆ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಬಾಯಲ್ಲಿ ಕೇಳಿದರೆ ನಾಳೆ ಬಾ ಅನ್ನುತ್ತಾರೆ, ಬರೆದು ಕೇಳಿದರೆ ಬರೆದು ಹೇಳಬೇಕಾಗುತ್ತದೆ. ಮೂರು, ಮೊಟ್ಟೆ ಹಾಲಿನ ಲೆಕ್ಕವನ್ನು ನೀವೇ ಇಡಿ. ಹಸಿದ ಹೊಟ್ಟೆಯಲ್ಲಿ ಯಾವ ದಾಖಲೆಯೂ ಮುರಿಯುವುದಿಲ್ಲ. ನಾಲ್ಕು, ಹುಡುಗಿಯರ ಹಾಸ್ಟೆಲನ್ನು ಬಿಟ್ಟು ಯಾವ ಮನವಿಯನ್ನೂ ಬರೆಯಬೇಡಿ. ಮೇಲೆ ಬಂದ ಹೆಸರುಗಳಲ್ಲಿ ಪದಕಕ್ಕಾಗಿ ಓಡಿದವರೂ ಆಡಿದವರೂ ಬಹುಪಾಲು ಹೆಣ್ಣುಮಕ್ಕಳೇ ಅನ್ನೋದು ನಿಮ್ಮ ಗಮನಕ್ಕೆ ಬಂದಿರಬೇಕು.

ಪದಕದ ಪಟ್ಟಿ ಬರೆಯೋದನ್ನು ಬಿಡಿ ಅಂತ ನಾವು ಹೇಳುತ್ತಿಲ್ಲ. ಬರೆಯಿರಿ. ಬೇರೆಯವರ ಗೆಲುವನ್ನು ದಿನಾ ಬೆಳಿಗ್ಗೆ ಎದ್ದು ಬರೆದಿಡುವ ಮನಸ್ಸು ಸಣ್ಣದಲ್ಲ. 2026ರ ಏಷ್ಯನ್ ಗೇಮ್ಸ್ ಜಪಾನಿನ ಐಚಿ-ನಗೋಯದ ಪಾಲಿಗೆ ಬಂದದ್ದು. ಅದರ ಪಟ್ಟಿ ಬರೆಯುವಾಗ ಪಕ್ಕದಲ್ಲಿ ಇನ್ನೊಂದು ಪಟ್ಟಿಗೆ ಜಾಗ ಬಿಡಿ: ನಮ್ಮ ಹಾಸ್ಟೆಲಿನಲ್ಲಿ ಇವತ್ತು ಎಷ್ಟು ಮಂದಿ ಮೈದಾನಕ್ಕೆ ಹೋದರು, ಯಾರು ಎಷ್ಟು ಹೊತ್ತಿನಲ್ಲಿ ಓಡಿದರು, ಕೇಳಿದ ಬೂಟು ಬಂತೋ ಇಲ್ಲವೋ. ಆ ಎರಡನೇ ಪಟ್ಟಿಯನ್ನು ನಮಗೆ ಕಳಿಸಿ. ಈ ಪುಟಗಳಲ್ಲಿ ಅಚ್ಚು ಹಾಕುತ್ತೇವೆ.

ಅಂದ ಹಾಗೆ, ರಾಯಚೂರಿನ ಹುಡುಗ ಮಾತು ಉಳಿಸಿಕೊಂಡ. ಗೇಮ್ಸ್ ಮುಗಿದ ಮೇಲೆ ಗೋಡೆಗೆ ತಾನೇ ಸುಣ್ಣ ಬಳಿದ. 107 ಅಂತ ಬರೆದ ಒಂದು ಮೂಲೆಯನ್ನು ಮಾತ್ರ ಬಿಟ್ಟ. ಅದರ ಕೆಳಗೆ ಆ ಚಿಕ್ಕ ಹುಡುಗನ ಪ್ರಶ್ನೆಯನ್ನು ಬರೆದ. ಅದನ್ನು ಯಾರೂ ಇನ್ನೂ ಅಳಿಸಿಲ್ಲ.